ಜಾಹೀರಾತು ಎಣಿಸಿ ಕೋರ್ಸ್ ಕಟ್ಟಬೇಡಿ

ಮೆಕ್ಯಾನಿಕಲ್ ಡಿಪ್ಲೊಮಾಕ್ಕೆ ಹೊಸ ವಿಷಯವೊಂದನ್ನು ಸೇರಿಸಬೇಕೆಂದಾಗ ಕಾಲೇಜುಗಳು ಮೊದಲು ಉದ್ಯೋಗ ಪೋರ್ಟಲ್ ತೆರೆಯುತ್ತವೆ. ‘ಬೆಳಗಾವಿ, ಸಿಎನ್‌ಸಿ’ (ಕಂಪ್ಯೂಟರ್ ನಿಯಂತ್ರಿತ ಯಂತ್ರ) ಎಂದು ಹುಡುಕಿ, ಸಿಕ್ಕ ಜಾಹೀರಾತುಗಳನ್ನು ಎಣಿಸಿ, ಅದನ್ನೇ ಬೇಡಿಕೆ ಎಂದು ವರದಿಯಲ್ಲಿ ಬರೆಯುತ್ತವೆ. ಆ ಸಂಖ್ಯೆ ಒಂದು ಕಡೆ ಉಬ್ಬಿರುತ್ತದೆ, ಇನ್ನೊಂದು ಕಡೆ ಸೊರಗಿರುತ್ತದೆ. ಒಂದೇ ಹುದ್ದೆಯನ್ನು ಮೂರು ನಾಲ್ಕು ಕನ್ಸಲ್ಟೆನ್ಸಿಗಳು ಕಂಪನಿಯ ಹೆಸರು ಹೇಳದೆ ಹಾಕಿರುತ್ತವೆ. ಭರ್ತಿಯಾದ ಮೇಲೂ ಜಾಹೀರಾತನ್ನು ಯಾರೂ ತೆಗೆದಿರುವುದಿಲ್ಲ. ಅತ್ತ ಬೆಳಗಾವಿಯ ಕೈಗಾರಿಕಾ ಪ್ರದೇಶಗಳಾದ ಉದ್ಯಮಬಾಗ್, ಮಚ್ಛೆಯ ಸಣ್ಣ ಫೌಂಡ್ರಿ, ಮಷಿನ್ ಶಾಪ್‌ಗಳಲ್ಲಿ ಎಷ್ಟೋ ಮಂದಿ ಪೋರ್ಟಲ್ ಮುಟ್ಟುವುದೇ ಇಲ್ಲ. ಗೇಟಿಗೆ ‘ಬೇಕಾಗಿದ್ದಾರೆ’ ಎಂಬ ಬೋರ್ಡು ತೂಗುಹಾಕುತ್ತಾರೆ, ಇಲ್ಲವೇ ಕೆಲಸಕ್ಕಿರುವ ಹುಡುಗನಿಗೇ ‘ನಿಮ್ಮೂರವರು ಯಾರಾದರೂ ಇದ್ದರೆ ಕರ್ಕೊಂಡು ಬಾ’ ಎನ್ನುತ್ತಾರೆ.

ಜಾಹೀರಾತುಗಳನ್ನು ಬಳಸಲೇಬೇಕೆಂದರೆ ಮೊದಲು ಜರಡಿ ಹಿಡಿಯಿರಿ. ಊರು, ಹುದ್ದೆ, ಸಂಬಳ, ವಿವರಣೆಯ ಮೊದಲ ಎರಡು ಮೂರು ಸಾಲು ಒಂದೇ ಆಗಿದ್ದು, 60 ದಿನಗಳ ಒಳಗೆ ಬಂದಿದ್ದರೆ ಅದನ್ನು ಒಂದೇ ಜಾಹೀರಾತೆಂದು ಹಿಡಿಯಿರಿ. ಹುದ್ದೆಯ ಹೆಸರನ್ನು ನಂಬದೆ, ಮಾಡಿಸುವ ಕೆಲಸ ಓದಿ 2015ರ ರಾಷ್ಟ್ರೀಯ ವೃತ್ತಿ ವರ್ಗೀಕರಣದ ಸಂಕೇತ ಕೊಡಿ. ‘ಸಿಎನ್‌ಸಿ ಇಂಜಿನಿಯರ್’ ಎಂದು ಬರೆದಿದ್ದರೂ ಯಂತ್ರ ಸೆಟ್ ಮಾಡುವ, ನಡೆಸುವ ಕೆಲಸವಾಗಿದ್ದರೆ ಅದು 7223. ಮೆಕ್ಯಾನಿಕಲ್ ತಂತ್ರಜ್ಞ 3115. ಉತ್ಪಾದನಾ ಮೇಲ್ವಿಚಾರಕ 3122. ಸಂಕೇತ ಕೊಡದಿದ್ದರೆ ಮೂರು ಬೇರೆ ಬೇರೆ ಓದು ಬೇಡುವ ಕೆಲಸಗಳು ಒಂದೇ ಬುಟ್ಟಿಗೆ ಬೀಳುತ್ತವೆ.

ಸರ್ಕಾರದ ಅಂಕಿಅಂಶಗಳಿಗೂ ಅವುಗಳದೇ ಮಿತಿಯಿದೆ. 2017-18ರಲ್ಲಿ ಆರಂಭವಾದ ನಿಯತಕಾಲಿಕ ಕಾರ್ಮಿಕ ಬಲ ಸಮೀಕ್ಷೆ, ಅಂದರೆ ಪಿಎಲ್‌ಎಫ್‌ಎಸ್, ಯಾವ ವೃತ್ತಿಯಲ್ಲಿ ಎಂಥ ವಯಸ್ಸಿನವರಿದ್ದಾರೆ, ಎಷ್ಟು ದುಡಿಯುತ್ತಾರೆ ಎಂಬುದನ್ನು ಹೇಳುತ್ತದೆ. ಆದರೆ ಒಂದೇ ಜಿಲ್ಲೆಯ ಒಂದೇ ವೃತ್ತಿಗೆ ಇಳಿದರೆ ಮಾದರಿಯಲ್ಲಿ ಉಳಿಯುವವರು ಬೆರಳೆಣಿಕೆಯಷ್ಟು. ಮೂವತ್ತಕ್ಕಿಂತ ಕಡಿಮೆ ಮಂದಿಯ ಆಧಾರದ ಮೇಲೆ ಶೇಕಡಾವಾರು ಹೇಳಲು ಹೋಗಬೇಡಿ. ರಾಜ್ಯಮಟ್ಟದ ಸಂಬಳದ ಅಂದಾಜಿಗಷ್ಟೇ ಬಳಸಿ. ನೌಕರರ ಭವಿಷ್ಯನಿಧಿ ಸಂಸ್ಥೆ ಇಪಿಎಫ್‌ಒ ಪ್ರತಿ ತಿಂಗಳು ಕೊಡುವ ವೇತನಪಟ್ಟಿ ಅಂಕಿಗಳಲ್ಲಿ ವೃತ್ತಿಯ ವಿವರವಿಲ್ಲ, 20 ಜನರಿಗಿಂತ ಸಣ್ಣ ಘಟಕಗಳು ಬಹುಮಟ್ಟಿಗೆ ಹೊರಗೇ ಉಳಿಯುತ್ತವೆ. ಕೈಗಾರಿಕೆಗಳ ವಾರ್ಷಿಕ ಸಮೀಕ್ಷೆಯ ವ್ಯಾಪ್ತಿ ವಿದ್ಯುತ್ ಬಳಸಿ 10 ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಿಂದ ಶುರು; ಅದರಲ್ಲೂ ಯಾವ ಉದ್ಯಮ ಎಂಬುದಿದೆ, ಯಾವ ವೃತ್ತಿ ಎಂಬುದಿಲ್ಲ. ಇನ್ನು ರಾಜ್ಯವಾರು ಕೋಷ್ಟಕ ಗಡಿಯಲ್ಲಿ ನಿಂತುಬಿಡುತ್ತದೆ. ಬೆಳಗಾವಿಯ ಹುಡುಗರು ಹತ್ತರಗಿಯ ವೈಮಾನಿಕ ವಿಶೇಷ ಆರ್ಥಿಕ ವಲಯಕ್ಕೆ ಹೋದಂತೆ ಕೊಲ್ಹಾಪುರಕ್ಕೂ ಗೋವಾಕ್ಕೂ ಹೋಗುತ್ತಾರೆ. ಹಾಗಾಗಿ ನಿಮ್ಮ ಮಾರುಕಟ್ಟೆಯ ಎಲ್ಲೆಯನ್ನು ಹಿಂದಿನ ಮೂರು ಬ್ಯಾಚಿನವರು ನಿಜವಾಗಿ ಎಲ್ಲಿ ಕೆಲಸಕ್ಕೆ ಸೇರಿದರೋ ಆ ಊರುಗಳನ್ನು ನೋಡಿ ಎಳೆಯಿರಿ.

ಈಗ ಲೆಕ್ಕಕ್ಕೆ ಬರೋಣ. ನಿಮ್ಮ ಎಲ್ಲೆಯೊಳಗೆ 7223ರ ಕೆಲಸದಲ್ಲಿ 900 ಜನರಿದ್ದಾರೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಶೇ 4ರ ಬೆಳವಣಿಗೆಗೆ 36 ಹೊಸ ಹುದ್ದೆ. ನಿವೃತ್ತಿ, ಬಡ್ತಿ, ವೃತ್ತಿ ಬಿಟ್ಟುಹೋಗುವಿಕೆ ಸೇರಿ ಶೇ 8 ಎಂದರೆ 72. ಒಟ್ಟು 108. ಹೊಸ ಕಾರ್ಖಾನೆಯ ಸುದ್ದಿಗೆ ಎಲ್ಲರೂ ಕಿವಿಗೊಡುತ್ತಾರೆ, ಆದರೆ ಖಾಲಿಯಾದ ಜಾಗ ತುಂಬುವ ಲೆಕ್ಕವೇ ಬಹುತೇಕ ಕಡೆ ದೊಡ್ಡದು. ಇಲ್ಲಿ ಒಂದು ತಪ್ಪು ಪದೇ ಪದೇ ಆಗುತ್ತದೆ: ಒಂದು ಶಾಪ್ ಬಿಟ್ಟು ಪಕ್ಕದ ಶಾಪ್ ಸೇರಿದವನನ್ನೂ 72ಕ್ಕೆ ಸೇರಿಸುವುದು. ಅವನು ಜಾಗ ಬದಲಿಸಿದ, ವೃತ್ತಿ ಬಿಡಲಿಲ್ಲ. ಅವನಿಂದ ಜಾಹೀರಾತು ಹೆಚ್ಚುತ್ತದೆ, ಬೇಡಿಕೆ ಹೆಚ್ಚುವುದಿಲ್ಲ.

108ರ ಎದುರಿಗೆ ಪೂರೈಕೆಯನ್ನಿಡಿ. ಸುತ್ತಲಿನ ಐಟಿಐ, ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ), ಪಾಲಿಟೆಕ್ನಿಕ್‌ಗಳ ಸೀಟುಗಳನ್ನು ಕೂಡಿಸಿದರೆ ಸಾಲದು. ಪಾಸಾದವರಲ್ಲಿ ಎಷ್ಟು ಮಂದಿ ಡಿಸಿಇಟಿ ಪ್ರವೇಶ ಪರೀಕ್ಷೆ ಬರೆದು ಬಿಇ ಎರಡನೇ ವರ್ಷಕ್ಕೆ ಹೋದರು, ಎಷ್ಟು ಮಂದಿ ಬೇರೆ ದಾರಿ ಹಿಡಿದರು ಎಂಬುದನ್ನು ಕಳೆದು, ನಿಜಕ್ಕೂ ಈ ಕೆಲಸಕ್ಕೆ ಬಂದವರನ್ನು ಮಾತ್ರ ಎಣಿಸಿ. ಪೂರೈಕೆ ಕಡಿಮೆ ಎಂದು ಕಂಡರೂ ಸಂಬಳ ನೋಡಿ. ಮೂರು ವರ್ಷದಿಂದ ‘ಜನ ಸಿಗುತ್ತಿಲ್ಲ’ ಎನ್ನುತ್ತಿರುವ ಘಟಕ ಆರಂಭಿಕ ಸಂಬಳವನ್ನು ಒಂದು ರೂಪಾಯಿಯೂ ಏರಿಸಿಲ್ಲ, ರಾತ್ರಿ ಪಾಳಿ ಮುಗಿಸಿದವರಿಗೆ ಬಸ್ಸಿಲ್ಲ ಎಂದಾದರೆ ಕೊರತೆ ಕೌಶಲದ್ದಲ್ಲ. ಅದಕ್ಕಾಗಿ ಕೋರ್ಸ್ ತೆರೆದು ಬಡ ಮಕ್ಕಳ ಮೂರು ವರ್ಷ ಕಳೆಯುವುದು ಅನ್ಯಾಯ.

ಎಷ್ಟು ಜನ ಬೇಕು ಎಂಬುದು ತಿಳಿದ ಮೇಲೆ ಏನು ಕಲಿಸಬೇಕು ಎಂಬುದಿದೆ. ಇದಕ್ಕೆ ಜಾಹೀರಾತು ತೀರಾ ಬಡ ಆಧಾರ. ಅಡುಗೆಯವರು ಬೇಕೆಂದು ಬರೆಯುವವರು ‘ಉಪ್ಪಿನ ಹದ ಗೊತ್ತಿರಬೇಕು’ ಎಂದು ಬರೆಯುವುದಿಲ್ಲ. ಹಾಗೆಯೇ ಡ್ರಾಯಿಂಗ್ ಓದುವುದು, ಅಳತೆ ಹಿಡಿಯುವುದು ಜಾಹೀರಾತಿನಲ್ಲಿ ಕಾಣುವುದಿಲ್ಲ. ಎಚ್‌ಆರ್ ಬಳಿ ‘ಯಾವ ಕೌಶಲ ಬೇಕು’ ಎಂದು ಕೇಳಿದರೆ ‘ಕಮ್ಯುನಿಕೇಶನ್’ ಎಂಬ ಉತ್ತರ ಬರುತ್ತದೆ. ಶಾಪ್‌ನ ಸೂಪರ್‌ವೈಸರ್ ಹತ್ತಿರ ಹೋಗಿ, ಕಳೆದ ಬಾರಿ ಸೇರಿದ ಆರು ಜನರ ಬಗ್ಗೆ ಮಾತ್ರ ಕೇಳಿ: ಮೊದಲ ವಾರ ಏನು ಕೆಲಸ ಕೊಟ್ಟಿರಿ, ಎಲ್ಲಿ ತಪ್ಪಿದರು, ಆರು ತಿಂಗಳೊಳಗೆ ಯಾರು ಬಿಟ್ಟರು, ಏಕೆ?

ಆಗ ಸಿಗುವ ಉತ್ತರ ಹೀಗಿರುತ್ತದೆ. ಡ್ರಾಯಿಂಗ್‌ನಲ್ಲಿ ಶಾಫ್ಟಿನ ವ್ಯಾಸ 25 h7 (ಸಣ್ಣ ಅಕ್ಷರದ h), ಅಂದರೆ 25.000ರಿಂದ 24.979 ಮಿ.ಮೀ. ಒಳಗಿರಬೇಕು. ಮೊದಲ ಜಾಬ್, ಅಂದರೆ ಕತ್ತರಿಸಿದ ತುಣುಕು, ಅಳೆದರೆ 25.03. ಎಕ್ಸ್ ಅಕ್ಷ ವ್ಯಾಸದ ಲೆಕ್ಕದಲ್ಲಿರುವ ಲೇತಿನಲ್ಲಿ ವೇರ್ ಆಫ್‌ಸೆಟ್‌ಗೆ (ಉಪಕರಣದ ಸವೆತ ಸರಿದೂಗಿಸುವ ತಿದ್ದುಪಡಿಗೆ) −0.04 ಕೊಟ್ಟರೆ 24.99 ಬರುತ್ತದೆ. ತ್ರಿಜ್ಯವೆಂದು ತಿಳಿದು −0.02 ಕೊಟ್ಟವನಿಗೆ 25.01 ಬಂದು ಮತ್ತೆ ಕತ್ತರಿಸಬೇಕಾಗುತ್ತದೆ. ದಶಾಂಶ ಒಂದು ಮನೆ ಜರುಗಿ −0.4 ಆದರೆ ಜಾಬ್ ನೇರ ಸ್ಕ್ರ್ಯಾಪ್. ಈ ಹುಡುಗನಿಗೆ ಜಿ-ಕೋಡ್ (ಯಂತ್ರಕ್ಕೆ ಆದೇಶ ಕೊಡುವ ಸಂಕೇತಭಾಷೆ) ಬಾಯಿಪಾಠವಿದೆ, ಪ್ರೋಗ್ರಾಂ ಬರೆದು ಅಂಕ ಪಡೆದಿದ್ದಾನೆ. ಆಫ್‌ಸೆಟ್ ತಿದ್ದಿದ್ದು ಒಮ್ಮೆಯೂ ಇಲ್ಲ.

ಇಂಥ ಕೆಲಸಗಳನ್ನು ಇಪ್ಪತ್ತು ಇಪ್ಪತ್ತೈದು ಸಾಲು ಬರೆದು, ಅಡ್ಡಕ್ಕೆ ನಿಮ್ಮ ವಿಷಯಗಳನ್ನಿಟ್ಟು ಕೋಷ್ಟಕ ಮಾಡಿ. ಹೇಳಿಕೊಡದಿದ್ದರೆ 0, ಹೇಳಿದ್ದರೆ 1, ಕೈಯಾರೆ ಮಾಡಿಸಿದ್ದರೆ 2, ಸಮಯ ಮತ್ತು ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚು ಕಡಿಮೆ ಆಗಬಹುದೆಂಬ ಮಿತಿ) ಕೊಟ್ಟು ಪರೀಕ್ಷಿಸಿದ್ದರೆ 3. ‘ಸಿಲಬಸ್‌ನಲ್ಲಿ ಇದೆಯಲ್ಲ’ ಎನ್ನುವ ಬಹಳಷ್ಟು ಸಂಗತಿಗಳು 1ರಲ್ಲೇ ಕೂತಿರುತ್ತವೆ. ಕಾರಣ ಪ್ರಯೋಗಾಲಯದ ಗಣಿತದಲ್ಲಿದೆ. ಒಂದು ಯಂತ್ರ, 20 ಜನರ ಬ್ಯಾಚು, 3 ಗಂಟೆಯ ಪ್ರಾಕ್ಟಿಕಲ್ ಎಂದರೆ ತಲೆಗೆ 9 ನಿಮಿಷ. 15 ವಾರಕ್ಕೆ 2 ಗಂಟೆ 15 ನಿಮಿಷ. ಬ್ಯಾಚನ್ನು ನಾಲ್ಕು ಗುಂಪು ಮಾಡಿ ಸಿಮ್ಯುಲೇಟರ್, ಅಳತೆಯ ಮೇಜು, ಡ್ರಾಯಿಂಗ್ ಎಂದು ಸುತ್ತಿಸಿದರೆ ಉಳಿದವರು ಸುಮ್ಮನೆ ನಿಲ್ಲುವುದು ತಪ್ಪುತ್ತದೆ, ಆದರೆ ಯಂತ್ರದ ನಿಮಿಷ ಹೆಚ್ಚುವುದಿಲ್ಲ. ಅದಕ್ಕೆ ಸಂಜೆ ಪಾಳಿಯಲ್ಲೂ ಲ್ಯಾಬ್ ತೆರೆಯಬೇಕು, ಇಲ್ಲವೇ ಕಾರ್ಖಾನೆಯೊಳಗಿನ ತರಬೇತಿ ಬೇಕು. 30 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳು ಒಟ್ಟು ಬಲದ ಶೇ 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕೆಂಬ ನಿಯಮವಿದೆ; ಆ ಬಾಗಿಲು ತಟ್ಟಿ.

ಪಾಲಿಟೆಕ್ನಿಕ್‌ಗಳಿಗೆ ಪಾಠ್ಯಕ್ರಮ ತಾಂತ್ರಿಕ ಶಿಕ್ಷಣ ಇಲಾಖೆಯಿಂದ ಬರುವುದರಿಂದ ಸ್ಥಳೀಯವಾಗಿ ತಿದ್ದಲು ಸಿಗುವುದು ಪ್ರಯೋಗದ ಜಾಬ್‌ಗಳು, ಪ್ರಾಜೆಕ್ಟ್, ಇಂಟರ್ನ್‌ಶಿಪ್. ಅಷ್ಟೇ ಸಾಕಷ್ಟಾಗುತ್ತದೆ. ಸ್ವಾಯತ್ತ ಕಾಲೇಜುಗಳ ಅಧ್ಯಯನ ಮಂಡಳಿಯಲ್ಲಿ ಉದ್ಯಮದ ಪ್ರತಿನಿಧಿಗೆ ಸ್ಥಾನವಿದೆ. ಅಲ್ಲಿಗೆ ದೂರದ ದೊಡ್ಡ ಹೆಸರಿಗಿಂತ ಹತ್ತಿರದ ಕೈಗಾರಿಕಾ ಎಸ್ಟೇಟಿನ ಉತ್ಪಾದನಾ ಮುಖ್ಯಸ್ಥರನ್ನು ಕರೆಯಿರಿ. ಇಂದು ಸೇರಿದ ವಿದ್ಯಾರ್ಥಿ ಕೆಲಸಕ್ಕೆ ಹೋಗುವುದು ಮೂರು ವರ್ಷದ ಮೇಲೆ. ಒಂದು ಬ್ರ್ಯಾಂಡಿನ ಸಾಫ್ಟ್‌ವೇರನ್ನು ಕೋರ್ ವಿಷಯ ಮಾಡಬೇಡಿ, ಅದು ಕೊನೆಯ ಸೆಮಿಸ್ಟರಿನ ಲ್ಯಾಬಿನಲ್ಲಿರಲಿ. ಒಂದು ಹೊಸದು ಸೇರಿದರೆ ಅಷ್ಟೇ ಗಂಟೆಯ ಹಳೆಯದು ಹೊರಹೋಗಬೇಕು. ಯಾವುದೆಂದು ಅದೇ ಸಭೆಯಲ್ಲಿ ನಿರ್ಧರಿಸಿ.

ಪಾಸಾದವರನ್ನು 6 ಮತ್ತು 18 ತಿಂಗಳಿಗೆ ಕೇಳಿ: ಈಗ ಮಾಡುವ ಕೆಲಸ, ಕೈಗೆ ಬರುವ ಸಂಬಳ, ಪಾಳಿ, ಬಿಟ್ಟಿದ್ದರೆ ಕಾರಣ. ಆಫರ್ ಲೆಟರ್ ಎಣಿಸಿದರೆ ಇದು ಸಿಗುವುದಿಲ್ಲ. ಕರೆ ಭಾನುವಾರ ಮಾಡಿ, ಪಾಳಿಯವರು ಆಗಲೇ ಸಿಗುವುದು. ಉತ್ತರಿಸದವರನ್ನು ‘ಕೆಲಸದಲ್ಲಿದ್ದಾರೆ’ ಎಂಬ ಕಾಲಮ್ಮಿಗೆ ಹಾಕದೆ, ಅವರದೇ ಬೇರೆ ಸಾಲು ಇಡಿ.