ಕೊಲೆಗಾರ ಮೊದಲೇ ಗೊತ್ತಿದ್ದರೂ

ಕ್ರೈಮ್ ಧಾರಾವಾಹಿ ಬರೆಯಬೇಕೆಂದು ಬರುವ ಹುಡುಗ ಹುಡುಗಿಯರು ಮೊದಲು ಹೇಳುವುದೇ ಕೊನೆಯ ತಿರುವನ್ನು. "ಕೊಲೆ ಮಾಡಿದ್ದು ಯಾರಂತ ಕೊನೇವರೆಗೂ ಗೊತ್ತಾಗಲ್ಲ ಮೇಡಂ." ಅಂಥವರಿಗೆ ಲಿಂಡಾ ಲಾ ಪ್ಲಾಂಟ್ ಬರೆದ 'ಪ್ರೈಮ್ ಸಸ್ಪೆಕ್ಟ್' ನೋಡಿಕೊಂಡು ಬನ್ನಿ ಅನ್ನುತ್ತೇನೆ. 1991ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಐಟಿವಿ ಚಾನೆಲ್‌ನಲ್ಲಿ ಬಂದದ್ದು. ಜಾರ್ಜ್ ಮಾರ್ಲೋ ಮೇಲೆ ಶುರುವಿಗೇ ಅನುಮಾನ ಬೀಳುತ್ತದೆ. ಆದರೂ ಎದ್ದು ಹೋಗಲು ಮನಸ್ಸು ಬರುವುದಿಲ್ಲ.

ಲಿವರ್‌ಪೂಲ್‌ನ ಲಾ ಪ್ಲಾಂಟ್ ಮೊದಲು ನಟಿ. ಲಂಡನ್ನಿನ ನಾಟಕ ಶಾಲೆ ರಾಡಾದಲ್ಲಿ ಕಲಿತು, ಲಿಂಡಾ ಮಾರ್ಷಲ್ ಹೆಸರಿನಲ್ಲಿ ಟಿವಿಯಲ್ಲಿ ಪಾತ್ರ ಮಾಡುತ್ತಿದ್ದರು. ದರೋಡೆಯಲ್ಲಿ ಸತ್ತ ಗಂಡಂದಿರ ಯೋಜನೆಯನ್ನು ಹೆಂಡತಿಯರೇ ಕೈಗೆತ್ತಿಕೊಳ್ಳುವ 'ವಿಡೋಸ್' 1983ರಲ್ಲಿ ಬಂದ ಮೇಲೆ ಜನ ಅವರನ್ನು ಲೇಖಕಿಯಾಗಿ ಗುರುತಿಸಿದರು.

'ಪ್ರೈಮ್ ಸಸ್ಪೆಕ್ಟ್'ಗೆ ಅವರು ಮಾಡಿದ ತಯಾರಿಯೇ ನನಗೆ ಪಾಠ. ಕೊಲೆ ತನಿಖೆ ಬಲ್ಲ ಹಿರಿಯ ಮಹಿಳಾ ಅಧಿಕಾರಿಗಾಗಿ ಹುಡುಕಿ, ಲಂಡನ್ ಪೊಲೀಸಿನ ಜಾಕಿ ಮಾಲ್ಟನ್ ಅವರನ್ನು ಭೇಟಿಯಾದರು. ಗಂಡಸರೇ ತುಂಬಿದ ಇಲಾಖೆಯಲ್ಲಿ ಮಾಲ್ಟನ್ ಉಂಡ ಕಹಿ ಹೆಲೆನ್ ಮಿರೆನ್ ನಟಿಸಿದ ಜೇನ್ ಟೆನಿಸನ್ ಪಾತ್ರಕ್ಕೆ ಇಳಿಯಿತು.

ಕಥೆ ನೋಡಿ. ಕೇಸಿನ ಅಧಿಕಾರಿ ಶೆಫರ್ಡ್ ಹೃದಯಾಘಾತದಿಂದ ಸಾಯುತ್ತಾನೆ. ಟೆನಿಸನ್ ಆ ಕೇಸನ್ನು ಕೇಳಿ ಪಡೆಯುತ್ತಾಳೆ. ಬಂದವಳೇ ಸತ್ತವನ ತಪ್ಪು ಕಂಡುಹಿಡಿಯುತ್ತಾಳೆ: ಹೆಣ ಅವನು ಗುರುತಿಸಿದ ಹೆಂಗಸಿನದೇ ಅಲ್ಲ! ಈ ಒಂದು ಪತ್ತೆ ತನಿಖೆಯನ್ನು ಮುಂದಕ್ಕೆ ತಳ್ಳುತ್ತದೆ, ಅದೇ ಏಟಿಗೆ ಸತ್ತ ಸಾಹೇಬನ ಮೇಲೆ ಪ್ರಾಣವಿಟ್ಟುಕೊಂಡ ತಂಡವನ್ನು ಅವಳ ವಿರುದ್ಧ ತಿರುಗಿಸುತ್ತದೆ. ಇಂಥ ಹೆಣಿಗೆ ಸುಮ್ಮನೆ ಬರುವುದಲ್ಲ. ತನ್ನನ್ನು 'ಮ್ಯಾಮ್' ಅನ್ನಬೇಡಿ, 'ಗವ್ನರ್' (ಅಲ್ಲಿನ ಪೊಲೀಸರು ಸಾಹೇಬರನ್ನು ಕರೆಯುವುದು ಹಾಗೆ) ಅಥವಾ 'ಬಾಸ್' ಅನ್ನಿ ಎಂದು ಅವಳು ಹೇಳುವ ಮಾತಂತೂ ಇಡೀ ಠಾಣೆಯ ಗಾಳಿಯನ್ನೇ ಹಿಡಿದುಕೊಡುತ್ತದೆ.

ಮಿರೆನ್ 2006ರವರೆಗೆ 7 ಸರಣಿಗಳಲ್ಲಿ ಟೆನಿಸನ್ ಆದರು. ನಡುವೆ ಬರೆಯುವವರು ಬದಲಾದರೂ ಲಾ ಪ್ಲಾಂಟ್ ಹಾಕಿದ ತಳಪಾಯ ಅಲುಗಲಿಲ್ಲ.

ಕೆಲವು ವರ್ಷದ ಹಿಂದೆ ಒಂದು ಎಪಿಸೋಡಿಗಾಗಿ ನಾನೂ ಠಾಣೆಯೊಂದರಲ್ಲಿ ಮೂರು ದಿನ ಕೂತಿದ್ದೆ. ಮಹಿಳಾ ಎಸ್‌ಐ ಪ್ರಶ್ನೆ ಕೇಳಿದರೆ ಪೇದೆ ಪಕ್ಕದಲ್ಲಿದ್ದ ವಯಸ್ಸಾದ ಎಎಸ್‌ಐ ಕಡೆ ತಿರುಗಿ ಉತ್ತರ ಹೇಳುತ್ತಿದ್ದ. ಆಕೆ ಕಡತದಿಂದ ಕಣ್ಣೆತ್ತದೆ "ಇಲ್ಲಿ ನೋಡಿ ಹೇಳಿ" ಅಂದರು. ಅವಮಾನದ ಬಗ್ಗೆ ನಾನು ಬರೆದಿಟ್ಟಿದ್ದ ಎರಡು ಪುಟ ಸಂಭಾಷಣೆಯನ್ನು ಅವತ್ತು ರಾತ್ರಿಯೇ ಹರಿದುಹಾಕಿದೆ. ಸೀನಿನಲ್ಲಿ ಉಳಿದದ್ದು ಆ ಮೂರು ಪದ.