ಕಾಗದದ ಮೇಲೆ ಕಂತಿನ ಲೆಕ್ಕ

ಒಂದು ಲಕ್ಷದ ಸಾಲವನ್ನು ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ಹನ್ನೆರಡು ಸಮ ಕಂತುಗಳಲ್ಲಿ ತೀರಿಸಬೇಕೆಂದರೆ, ಅಸಲಿಗೆ ಬಡ್ಡಿ ಕೂಡಿಸಿ 1,12,000ವನ್ನು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 9,333 ಎನ್ನುವುದು ಸುಲಭ. ಆದರೆ ಮೊದಲ ಕಂತು ಕಟ್ಟಿದ ಮೇಲೆ ಸಾಲ ಒಂದು ಲಕ್ಷವಾಗಿ ಉಳಿಯುವುದಿಲ್ಲ. ತೀರಿಸಿಯಾದ ಹಣಕ್ಕೂ ವರ್ಷವಿಡೀ ಬಡ್ಡಿ ತೆರುವುದು ನ್ಯಾಯವಲ್ಲ. ಉಳಿದ ಬಾಕಿಗೆ ಮಾತ್ರ ಬಡ್ಡಿ ಹಾಕಿದರೆ ಕಂತು 8,885ಕ್ಕೆ ಇಳಿಯುತ್ತದೆ.

ಈ ಅಂಕಿಯನ್ನು ಪಡೆಯಲು ಸೂತ್ರವನ್ನು ಬಾಯಿಪಾಠ ಮಾಡಬೇಕಿಲ್ಲ, ಸಾಲ ಕೊಟ್ಟವರ ಕಡೆಯಿಂದ ಯೋಚಿಸಿದರೆ ಸಾಕು. ಆ ಒಂದು ಲಕ್ಷವನ್ನು ತಿಂಗಳಿಗೆ ಶೇ 1ರ ಚಕ್ರಬಡ್ಡಿಯಲ್ಲಿ ಬೆಳೆಯಲು ಬಿಟ್ಟಿದ್ದರೆ ವರ್ಷದ ಕೊನೆಗೆ ಎಷ್ಟಾಗುತ್ತಿತ್ತೋ, ತಿಂಗಳು ತಿಂಗಳು ಬಂದ ಕಂತುಗಳನ್ನು ಅದೇ ಬಡ್ಡಿಯಲ್ಲಿ ಬೆಳೆಸಿದರೂ ಅಷ್ಟೇ ಆಗಬೇಕು.

ಮೊದಲ ಭಾಗಕ್ಕೆ 1.01ನ್ನು ಹನ್ನೆರಡನೆಯ ಘಾತಕ್ಕೆ ಏರಿಸಬೇಕು. ಇಲ್ಲಿ ನನಗೆ ಬಹಳ ಇಷ್ಟವಾದ ಉಪಾಯವೊಂದಿದೆ. 1.01ರ ವರ್ಗ 1.0201, ಅದರ ವರ್ಗ 1.040604, ಅಂದರೆ ನಾಲ್ಕು ತಿಂಗಳ ಬೆಳವಣಿಗೆ. ಅದನ್ನೂ ವರ್ಗ ಮಾಡಿದರೆ ಎಂಟು ತಿಂಗಳಿಗೆ 1.082857. ಎಂಟನ್ನೂ ನಾಲ್ಕನ್ನೂ ಸೇರಿಸಿದರೆ ಹನ್ನೆರಡಾಗುವುದರಿಂದ ಕೊನೆಯ ಎರಡನ್ನು ಗುಣಿಸಿದಾಗ 1.126825 ಸಿಗುತ್ತದೆ. ಹನ್ನೊಂದು ಗುಣಾಕಾರಗಳ ಕೆಲಸ ನಾಲ್ಕರಲ್ಲಿ ಮುಗಿಯಿತು. ಲಕ್ಷ ಬೆಳೆದು 1,12,682.50 ಆಗುತ್ತದೆ.

ಇನ್ನು ಕಂತುಗಳು. ಮೊದಲನೆಯದು ಹನ್ನೊಂದು ತಿಂಗಳು ಬೆಳೆಯುತ್ತದೆ, ಕೊನೆಯದು ಬೆಳೆಯುವುದೇ ಇಲ್ಲ. ಕಂತು 1 ಎಂದಿಟ್ಟುಕೊಂಡರೆ ಇವುಗಳ ಮೊತ್ತ ಒಂದು ಗುಣೋತ್ತರ ಶ್ರೇಢಿ (ಪ್ರತಿ ಪದವೂ ಪಕ್ಕದ ಪದದ 1.01 ಪಟ್ಟಾಗಿರುವ ಸರಣಿ), 1.126825ರಿಂದ 1 ಕಳೆದು 0.01ರಿಂದ ಭಾಗಿಸಿದರೆ 12.6825. ಈಗ 1,12,682.50ನ್ನು 12.6825ರಿಂದ ಭಾಗಿಸಿದಾಗ ಬರುವ 8,884.88 ನಮ್ಮ ಕಂತು.

ತಾಳೆ ನೋಡುವುದೂ ಕಷ್ಟವಲ್ಲ. ಮೊದಲ ತಿಂಗಳ ಬಡ್ಡಿ 1,000, ಅಸಲಿಗೆ ಹೋದದ್ದು 7,885, ಬಾಕಿ 92,115. ಎರಡನೆಯ ತಿಂಗಳ ಬಡ್ಡಿ 921. ಹೀಗೆ ಬರೆಯುತ್ತ ಹೋದರೆ ಹನ್ನೆರಡನೆಯ ತಿಂಗಳಿಗೆ ಬಾಕಿ ಸೊನ್ನೆಗೆ ಬರುತ್ತದೆ.

ಅವಸರದಲ್ಲಿದ್ದವರಿಗೆ ಅಂದಾಜಿನ ದಾರಿಯೂ ಇದೆ. ಬಾಕಿ ಒಂದೇ ಸಮನೆ ಇಳಿಯುತ್ತದೆಂದು ಭಾವಿಸಿದರೆ ಒಟ್ಟು ಬಡ್ಡಿ ಮೊದಲ ತಿಂಗಳ ಬಡ್ಡಿಯ ಆರೂವರೆ ಪಟ್ಟು (ಕಂತುಗಳ ಸಂಖ್ಯೆಗೆ ಒಂದು ಕೂಡಿಸಿ ಅರ್ಧ ಮಾಡಿದಷ್ಟು), ಅಂದರೆ 6,500, ಕಂತು 8,875. ಹತ್ತರಷ್ಟೇ ವ್ಯತ್ಯಾಸ! ಆದರೆ ಇಪ್ಪತ್ತು ವರ್ಷದ ಸಾಲಕ್ಕೆ ಇದನ್ನು ನಂಬಬಾರದು. ಆಗ ಈ ಅಂದಾಜು ತಿಂಗಳಿಗೆ 919 ಎನ್ನುತ್ತದೆ, ಮೊದಲ ತಿಂಗಳ ಬಡ್ಡಿಯೇ 1,000 ಇರುವಾಗ.

ಅಷ್ಟು ದೀರ್ಘ ಅವಧಿಗೆ 1.01ನ್ನು 240ನೆಯ ಘಾತಕ್ಕೆ ಏರಿಸಬೇಕಾಗುತ್ತದೆ. ವರ್ಗ ಮಾಡುವ ಉಪಾಯದಿಂದ ಹತ್ತು ಗುಣಾಕಾರಗಳು ಸಾಕು, ಆದರೂ ಅವು ಬೇಸರದ ಗುಣಾಕಾರಗಳು. ಫ್ಲಾಂಡರ್ಸ್‌ನ ಗಣಿತಜ್ಞ ಸೈಮನ್ ಸ್ಟೆವಿನ್ 1582ರಲ್ಲಿ ಬಡ್ಡಿಯ ಕೋಷ್ಟಕಗಳನ್ನು ಅಚ್ಚು ಹಾಕಿಸಿದ್ದು ಎಷ್ಟು ಉಪಕಾರವಾಗಿತ್ತೆಂಬುದು ಇಲ್ಲಿ ತಿಳಿಯುತ್ತದೆ. 1614ರಲ್ಲಿ ಸ್ಕಾಟ್ಲೆಂಡಿನ ಜಾನ್ ನೇಪಿಯರ್ ಲಾಗರಿದಮ್ ಪ್ರಕಟಿಸಿದ ಮೇಲಂತೂ ಗುಣಾಕಾರವೇ ಕೂಡುವ ಲೆಕ್ಕವಾಯಿತು.

1.01ರ 240ನೆಯ ಘಾತದ ಫಲ 10.8926, ಅದರಿಂದ ಮೊದಲಿನ ರೀತಿಯಲ್ಲೇ ಲೆಕ್ಕ ಹಾಕಿದರೆ ಇಪ್ಪತ್ತು ವರ್ಷದ ಸಾಲದ ಕಂತು 1,101. ಮೊದಲ ಕಂತಿನಲ್ಲಿ ಅಸಲಿಗೆ ಸಲ್ಲುವುದು ಬರೀ 101. ಅರ್ಧ ಸಾಲ ತೀರುವ ಹೊತ್ತಿಗೆ 179 ತಿಂಗಳು, ಅಂದರೆ ಹೆಚ್ಚುಕಡಿಮೆ ಹದಿನೈದು ವರ್ಷ ಕಳೆದಿರುತ್ತದೆ. ಆದರೆ ಮೊದಲ ಕಂತಿನ ಜೊತೆಗೇ ಇನ್ನೊಂದು 102 ಕಟ್ಟಿದರೆ ಎರಡನೆಯ ತಿಂಗಳ ಅಸಲಿನ ಪಾಲು ಆಗಲೇ ತೀರಿ, ಕಂತುಗಳ ಪಟ್ಟಿಯ ತುದಿಯಲ್ಲಿ 1,101ರ ಇಡೀ ಒಂದು ಕಂತು ಅಳಿಸಿಹೋಗುತ್ತದೆ.