ವೋಟ್ ಬ್ಯಾಂಕ್ ಎಂದರೆ ಜಾತಿಯಲ್ಲ

ಲಿಂಗಾಯತ ವೋಟ್ ಬ್ಯಾಂಕ್, ಒಕ್ಕಲಿಗ ವೋಟ್ ಬ್ಯಾಂಕ್, ಮುಸ್ಲಿಂ ವೋಟ್ ಬ್ಯಾಂಕ್. ಟೀವಿಯವರು ಹೀಗೆ ಅರಚಿದರೆ ಹೋಗಲಿ ಎನ್ನಬಹುದು. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡುವವರೂ ವೋಟ್ ಬ್ಯಾಂಕ್ ಎಂದರೆ ‘ಒಂದೇ ಜಾತಿಯವರು ಒಟ್ಟಾಗಿ ಮತ ಹಾಕುವುದು’ ಎಂದು ಬರೆದರೆ, ಅವರು ತರಗತಿಯಲ್ಲಿ ಕಲಿತದ್ದಾದರೂ ಏನು?

ವೋಟ್ ಬ್ಯಾಂಕ್ ಎಂಬ ಮಾತು ಹುಟ್ಟಿದ್ದು ನಮ್ಮದೇ ಮೈಸೂರು ಸೀಮೆಯ ಹಳ್ಳಿಯೊಂದರ ಅಧ್ಯಯನದಲ್ಲಿ. ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಆ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಉಳಿದರು, ಬರಹದಲ್ಲಿ ಅದನ್ನು ರಾಮಪುರ ಎಂದು ಕರೆದರು. ‘ವೋಟ್ ಬ್ಯಾಂಕ್’ ಬಂದದ್ದು 1955ರ ಅವರ ಪ್ರಬಂಧದಲ್ಲಿ. ಅವರ ಕಣ್ಣಿದ್ದದ್ದು ಧಣಿಗೂ ಧಣಿಯನ್ನು ನಂಬಿಕೊಂಡವರಿಗೂ ಇರುವ ನಂಟಿನ ಮೇಲೆ. ಗೇಣಿಗೆ ಹೊಲ ಮಾಡುವವನು, ಸಾಲ ತಂದವನು, ಜೀತಕ್ಕಿದ್ದವನು, ಇವರೆಲ್ಲ ಒಂದೇ ಜಾತಿಯವರಾಗಿರಬೇಕಿಲ್ಲ. ಹಲವು ಜಾತಿಯವರಿದ್ದರೂ ಧಣಿ ತೋರಿಸಿದ ಕಡೆ ಮತ ಬೀಳುತ್ತಿತ್ತು. ಪಕ್ಷದವರು ಹುಡುಕಿಕೊಂಡು ಬರುತ್ತಿದ್ದದ್ದೂ ಅವನನ್ನೇ. ಅಂದರೆ ಮೂಲದಲ್ಲಿ ಇದು ಜಾತಿಯನ್ನು ದಾಟಿದ ಹಂಗಿನ ಹೆಸರು. ಮುಂದೆ ಬ್ರಿಟಿಷ್ ಮಾನವಶಾಸ್ತ್ರಜ್ಞ ಎಫ್.ಜಿ. ಬೈಲಿ ಜಾತಿ ಮುಖಂಡರ ಪ್ರಭಾವಕ್ಕೂ ಇದನ್ನು ಬಳಸಿದರು ನಿಜ, ಆದರೆ ಅಲ್ಲೂ ನಡುವೆ ಒಬ್ಬ ಮುಖಂಡ ನಿಂತೇ ಇದ್ದಾನೆ.

ಈಗಿನ ಬಳಕೆಯಲ್ಲಿ ಆ ನಡುವಿನವನೇ ಮಾಯ. ಉಳಿದದ್ದು ಬರೀ ಜನ, ಅದೂ ಬೈಗುಳದ ಧಾಟಿಯಲ್ಲಿ. ನಮ್ಮವರು ಒಟ್ಟಾಗಿ ಮತ ಹಾಕಿದರೆ ‘ಒಗ್ಗಟ್ಟು’, ಬೇರೆಯವರು ಹಾಕಿದರೆ ‘ವೋಟ್ ಬ್ಯಾಂಕ್’! ಪದಗಳ ಅರ್ಥ ಬದಲಾಗುವುದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಈ ಬದಲಾವಣೆಯಿಂದ ಧಣಿ ಆರಾಮಾಗಿ ತಪ್ಪಿಸಿಕೊಂಡ, ಬೈಸಿಕೊಳ್ಳುವ ಪಾಳಿ ಮತ ಹಾಕಿದವರದ್ದಾಯಿತು.

ಮತದಾರರ ಪಟ್ಟಿ ಹಿಡಿದು ಜಾತಿ ಎಣಿಸುವುದಕ್ಕೆ ವಿಶ್ವವಿದ್ಯಾಲಯದ ಓದು ಬೇಕಿಲ್ಲ, ಬೂತ್ ಏಜೆಂಟರು ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ. ಸಮಾಜಶಾಸ್ತ್ರ ಓದಿದವರು ಅದರಾಚೆಗೆ ಕೇಳಬೇಕು: ಯಾರು ಯಾರ ಹಂಗಿನಲ್ಲಿದ್ದಾರೆ? ಆ ಹಂಗು ಜಮೀನಿನದೋ, ಸಾಲದ್ದೋ, ನಂಟಸ್ತಿಕೆಯದೋ? 1974ರಲ್ಲಿ ದೇವರಾಜ ಅರಸು ಸರ್ಕಾರ ಭೂಸುಧಾರಣೆ ಕಾಯ್ದೆ ತಿದ್ದುಪಡಿ ಜಾರಿಗೆ ತಂದು ಗೇಣಿ ಪದ್ಧತಿ ತೆಗೆಯಿತು. ಗೇಣಿಯ ಹಂಗು ಹೋದಲ್ಲಿ ಧಣಿಯ ಜಾಗಕ್ಕೆ ಬಂದವರು ಯಾರು? ಸಹಕಾರ ಸಂಘದ ಅಧ್ಯಕ್ಷರೇ, ಗ್ರಾಮ ಪಂಚಾಯಿತಿ ಕಂಟ್ರಾಕ್ಟರೇ, ಮನೆ ಮಂಜೂರು ಮಾಡಿಸಿಕೊಡುವ ಸದಸ್ಯರೇ? ಇದಕ್ಕೆ ಊರೂರಿಗೆ ಬೇರೆ ಉತ್ತರ, ಹೋಗಿ ಕೂತು ಕೇಳದೆ ಸಿಗುವುದಿಲ್ಲ.